“ಚಿಪ್ ಷೇರು” ಅಂತ ಟಿಪ್ ಬಂದ್ರೆ ದಯವಿಟ್ಟು ನಿಲ್ಲಿ

ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತೀನಿ. ಟೆಲಿಗ್ರಾಂ ಗುಂಪೊಂದು “ಮುಂದಿನ ಚಿಪ್ ದೈತ್ಯ” ಅಂತ ತಳ್ಳಿದ ಸಣ್ಣ ಷೇರು. ದಿನಾ ಶೇ 5ರ ಅಪ್ಪರ್ ಸರ್ಕ್ಯೂಟ್ (ಒಂದು ದಿನದಲ್ಲಿ ಬೆಲೆ ಏರಬಹುದಾದ ಮಿತಿ), ಕೊಳ್ಳೋಣ ಅಂದ್ರೆ ಸಿಗ್ತಾನೇ ಇರ್ಲಿಲ್ಲ. ಒಂದಿನ ಕೇಳಿದಷ್ಟೂ ಸಿಕ್ತು. ಅವತ್ತು ಖುಷಿಪಟ್ಟದ್ದು ನೆನೆದ್ರೆ ಮೈ ಉರಿಯುತ್ತೆ. ಷೇರು ತಳ್ಳಿದವರು ಮಾರೋಕೆ ಶುರು ಮಾಡಿದ ದಿನ ಅದು!

ವಾರ್ಷಿಕ ವರದಿ ತೆರೆದದ್ದು ಕೊಂಡ ಮೇಲೆ. ಹೌದು, ಕೊಂಡ ಮೇಲೆ. ಆದಾಯದ ಸಾಲಿನಲ್ಲಿ ಬಟ್ಟೆ ವ್ಯಾಪಾರ. ಯಂತ್ರೋಪಕರಣ ಸೊನ್ನೆ. ವರ್ಷವಿಡೀ ನೌಕರರ ವೆಚ್ಚ ಅಂತ ತೋರಿಸಿದ ಹಣ ಒಬ್ಬ ಚಿಪ್ ಡಿಸೈನ್ ಎಂಜಿನಿಯರ್ ಸಂಬಳಕ್ಕೂ ಸಾಲದು.

ಅಡ್ಮಿನ್‌ನ ಕೇಳಿದ್ರೆ, “ಎಂಒಯು ಆಗಿದೆ ಸರ್, ನೋಡಿಲ್ವಾ?” ಎಂಒಯು ಅಂತೆ, ಬರೀ ಮಾಡೋ ಇರಾದೆ ಹೇಳೋ ಕಾಗದ! 2022ರ ಮೇನಲ್ಲಿ ಮೈಸೂರಿಗೆ 22,900 ಕೋಟಿಯ ಚಿಪ್ ಘಟಕ ಅಂತ ಐಎಸ್‌ಎಂಸಿ ಅನ್ನೋ ಕಂಪನಿ ನಮ್ಮ ರಾಜ್ಯ ಸರ್ಕಾರದ ಜೊತೆಗೇ ಸಹಿ ಹಾಕಿತ್ತು. ಕಾರ್ಖಾನೆ ಏಳ್ಲೇ ಇಲ್ಲ. ವೇದಾಂತ ಜೊತೆಗಿನ ಚಿಪ್ ಯೋಜನೆಯಿಂದ ತೈವಾನಿನ ಫಾಕ್ಸ್‌ಕಾನ್ 2023ರ ಜುಲೈನಲ್ಲಿ ಹೊರನಡೀತು. ಅಂಥವರ ಕಾಗದಕ್ಕೇ ಆ ಗತಿ.

“ಚಿಪ್‌ಗೆ ಅಂತ ಕೇಂದ್ರ ಸರ್ಕಾರ 76,000 ಕೋಟಿ ಕೊಡ್ತಿದೆ ಸರ್,” ಅಂತ ಮತ್ತೆ ಅಡ್ಮಿನ್. ಯಾರಿಗೆ? ಅರ್ಜಿ ಹಾಕಿ ಮಂಜೂರಾತಿ ಪಡೆದ ಯೋಜನೆಗಳಿಗೆ. ಆ ಪಟ್ಟಿ ಸಣ್ಣದು, ಎಲ್ಲರೂ ನೋಡಬಹುದು. ಗುಜರಾತಿನ ಧೊಲೇರಾದ 91,000 ಕೋಟಿಯ ಫ್ಯಾಬ್ (ಚಿಪ್ ತಯಾರಿಸೋ ಕಾರ್ಖಾನೆ) ಟಾಟಾ ಎಲೆಕ್ಟ್ರಾನಿಕ್ಸ್‌ದು, ಆ ಕಂಪನಿ ಪೇಟೆಯಲ್ಲಿ ಲಿಸ್ಟೇ ಆಗಿಲ್ಲ. ಅದೇ ರಾಜ್ಯದ ಸಾನಂದ್‌ನಲ್ಲಿ ಘಟಕ ಪಡೆದ ಸಿಜಿ ಪವರ್, ನಮ್ಮ ಮೈಸೂರಿನ ಕೇನ್ಸ್ ಲಿಸ್ಟ್ ಆಗಿವೆ ನಿಜ. ಆದ್ರೆ ಅಲ್ಲಿ ಆಗೋದು ಪ್ಯಾಕೇಜಿಂಗ್, ಟೆಸ್ಟಿಂಗ್, ವೇಫರ್ ತಯಾರಿಕೆ (ಸಿಲಿಕಾನ್ ಬಿಲ್ಲೆ ಮೇಲೆ ಚಿಪ್ ಮೂಡಿಸೋ ಕೆಲಸ) ಅಲ್ಲ. ಸಿಜಿ ಪವರ್ ಹೊಟ್ಟೆ ತುಂಬೋದು ಮೋಟಾರು, ಟ್ರಾನ್ಸ್‌ಫಾರ್ಮರ್‌ಗಳಿಂದ. ಅಸಲಿ ಕಂಪನಿಯಲ್ಲೂ ನಾಳೆಯ ಚಿಪ್ ಲಾಭಕ್ಕೆ ಇವತ್ತೇ ಎಷ್ಟು ಕೊಡ್ತಿದ್ದೀವಿ ಅನ್ನೋ ಲೆಕ್ಕ ಬೇಕು. ನಕಲಿಯಲ್ಲಿ ಲೆಕ್ಕ ಹಾಕೋಕೇ ಏನೂ ಇಲ್ಲ.

ಆಮೇಲೆ ಲೋವರ್ ಸರ್ಕ್ಯೂಟ್, ಅಂದ್ರೆ ದಿನದ ಇಳಿಕೆ ಮಿತಿಗೇ ಬಿದ್ದು ನಿಲ್ಲೋದು. ಪೇಟೆ ತೆರೆಯೋ 9.15ಕ್ಕೇ ಮಾರೋ ಆರ್ಡರ್ ಹಾಕಿದ್ರೂ ಮುಂದೆ ಲಕ್ಷಗಟ್ಟಲೆ ಷೇರಿನ ಸಾಲು, ಕೊಳ್ಳೋರ ಕಡೆ ಸೊನ್ನೆ. ಕೊಳ್ಳೋರೇ ಇಲ್ಲದ ಕಡೆ ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕಿಳಿದ್ರೆ ಮಾರು ಅನ್ನೋ ಆರ್ಡರ್) ಏನ್ಮಾಡುತ್ತೆ? ಶೇ 5ರಂತೆ 10 ದಿನ ಬಿದ್ರೆ 100 ರೂಪಾಯಿ 60. “ಪ್ಯಾನಿಕ್ ಆಗ್ಬೇಡಿ, ಲಾಂಗ್ ಟರ್ಮ್ ಇಡಿ” ಅಂತ ಅಡ್ಮಿನ್ ಉತ್ತರ. ಲಾಂಗ್ ಟರ್ಮ್ ನಮಗೆ, ಅವರಿಗಲ್ಲ! ಅದಕ್ಕೂ ಆರು ತಿಂಗಳ ಹಿಂದೆ ಪ್ರಿಫರೆನ್ಷಿಯಲ್ ಅಲಾಟ್‌ಮೆಂಟ್‌ನಲ್ಲಿ (ಆಯ್ದ ಕೆಲವರಿಗಷ್ಟೇ ಹೊಸ ಷೇರು ಕೊಡೋದು) ಕಂಪನಿಯವರು ಯಾರ್ಯಾರಿಗೋ ಅಗ್ಗದ ದರಕ್ಕೆ ಷೇರು ಹಂಚಿದ್ರು. ಪ್ರವರ್ತಕರಲ್ಲದವರಿಗೆ ಲಾಕ್-ಇನ್ (ಷೇರು ಮಾರಬಾರದ ಅವಧಿ) ಇರೋದು ಆರೇ ತಿಂಗಳು. ಅದು ಮುಗಿದ ವಾರವೇ ಬೀಳೋಕೆ ಶುರು. ಇದೆಲ್ಲ ಬಿಎಸ್‌ಇ ತಾಣದ ಪ್ರಕಟಣೆಗಳಲ್ಲಿ ಮೊದಲೇ ಇತ್ತು, ತೆರೆದು ನೋಡ್ಲಿಲ್ಲ ಅಷ್ಟೇ.

ಅಡ್ಮಿನ್‌ನ ಸೆಬಿ (ಷೇರುಪೇಟೆಯ ನಿಯಂತ್ರಕ) ನೋಂದಣಿ ಸಂಖ್ಯೆ ಕೇಳಿದೆ. ರಿಸರ್ಚ್ ಅನಲಿಸ್ಟ್ ಆದ್ರೆ ಐಎನ್‌ಎಚ್‌ನಿಂದ, ಹೂಡಿಕೆ ಸಲಹೆಗಾರರಾದ್ರೆ ಐಎನ್‌ಎಯಿಂದ ಶುರುವಾಗುತ್ತೆ. “ನಮ್ದು ಎಜುಕೇಶನ್ ಪರ್ಪಸ್‌ಗೆ ಮಾತ್ರ” ಅಂದ್ರು. ದುಡ್ಡು ಇಸ್ಕೊಳ್ಳುವಾಗ ಈ ಮಾತು ಎಲ್ಲಿತ್ತು?

ಟಿಪ್ ಬಂದ್ರೆ ಕೊಟ್ಟವರ ಈ ಸಂಖ್ಯೆ ಸೆಬಿ ತಾಣದಲ್ಲಿ ಹುಡುಕಿ. ಷೇರು ಎಎಸ್‌ಎಂ, ಇಎಸ್‌ಎಂ ಅನ್ನೋ ಷೇರುಪೇಟೆಗಳ ನಿಗಾ ಪಟ್ಟಿಯಲ್ಲಿದೆಯಾ ನೋಡಿ. ಮತ್ತೆ, ಪ್ರಶ್ನೆ ಕೇಳೋ ಮುಂಚೇನೇ ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ನಾನು ಕೇಳಿದ ಹತ್ತೇ ನಿಮಿಷಕ್ಕೆ ಗುಂಪಿನಿಂದ ತೆಗೆದ್ರು, ದೂರು ಬರೆಯೋಕೆ ಈಗ ಅರ್ಧ ಚಾಟ್ ಮಾತ್ರ ಕೈಯಲ್ಲಿದೆ.