ದುಬೈನಲ್ಲಿ ಶಾಲೆ ಕೆಲಸ ಬಿಡುವವರಿಗೆ: 80084 ಸಹಾಯವಾಣಿ ನನಗೆ ಎಷ್ಟು ಉಪಯೋಗಕ್ಕೆ ಬಂತು

80084 ಅನ್ನುವುದು ಯುಎಇ ಮಾನವ ಸಂಪನ್ಮೂಲ ಸಚಿವಾಲಯದ ಸಹಾಯವಾಣಿ. ಖಾಸಗಿ ಕೆಲಸದಲ್ಲಿರುವವರು ದೂರು ಕೊಡಬಹುದು, ಸಲಹೆ ಕೇಳಬಹುದು. ದುಡ್ಡು ಖರ್ಚಿಲ್ಲ. ಇದು ಕಟ್ಟಡ ಕೆಲಸದವರಿಗೆ ಮಾತ್ರ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ತುಂಬಾ ಜನ ಅಂದುಕೊಂಡಿದ್ದರು. ಹಾಗೇನಿಲ್ಲ. ಖಾಸಗಿ ಶಾಲೆಯ ಮೇಷ್ಟ್ರೂ ಅದೇ ಕಾರ್ಮಿಕ ಕಾನೂನಿನ ಕೆಳಗೆ ಬರುತ್ತಾರೆ.

ನಾನು ಒಂದು ಸಿಬಿಎಸ್‌ಇ ಶಾಲೆಯಲ್ಲಿ ನಾಲ್ಕು ವರ್ಷ ಗಣಿತ ಪಾಠ ಮಾಡಿದೆ. ಊರಿಗೆ ವಾಪಸ್ ಬರುವ ತೀರ್ಮಾನ ಮಾಡಿ, ಮಾರ್ಚ್ ಕೊನೆಗೆ ಬಿಡುವ ಹಾಗೆ ನೋಟಿಸ್ ಕೊಟ್ಟೆ. ಕಾನೂನಿನಲ್ಲಿ ನೋಟಿಸ್ ಅವಧಿ 30 ದಿನದಿಂದ 90 ದಿನದವರೆಗೆ ಇರಬಹುದು. ನಿಮ್ಮದು ಎಷ್ಟು ಅಂತ ಕಾಂಟ್ರಾಕ್ಟ್‌ನಲ್ಲೇ ಬರೆದಿರುತ್ತದೆ.

ತಕರಾರು ಶುರುವಾಗಿದ್ದು ಕೊನೆಯ ಬಾಕಿ ಲೆಕ್ಕ ಬರೆದ ಫೈನಲ್ ಸೆಟಲ್‌ಮೆಂಟ್ ಹಾಳೆ ಕೈಗೆ ಬಂದಾಗ. ನನ್ನ ಬೇಸಿಕ್ 3,000 ದಿರ್ಹಮ್. ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ ಗ್ರಾಚ್ಯುಟಿ ಸಿಗಬೇಕು. ಐದು ದಾಟಿದ ಮೇಲೆ ವರ್ಷಕ್ಕೆ 30 ದಿನದ್ದು. ನನ್ನ ಲೆಕ್ಕ ಸುಲಭ: ದಿನಕ್ಕೆ 100 ದಿರ್ಹಮ್, ನಾಲ್ಕು ವರ್ಷಕ್ಕೆ 84 ದಿನ, ಒಟ್ಟು 8,400. ಹಾಳೆಯಲ್ಲಿ ಇದ್ದದ್ದು 5,600. ಕೇಳಿದರೆ ಆಫೀಸಿನವರು, 'ನೀವಾಗಿಯೇ ರಾಜೀನಾಮೆ ಕೊಟ್ಟಿದ್ದೀರಿ, ಐದು ವರ್ಷ ತುಂಬಿಲ್ಲ, ಮೂರರಲ್ಲಿ ಎರಡು ಪಾಲು ಮಾತ್ರ' ಅಂದರು.

ಹಾಗೆ ಕಡಿತ ಮಾಡುವ ನಿಯಮ ಒಂದು ಕಾಲದಲ್ಲಿ ಇತ್ತು, ನಿಜ. ಅದು 1980ರ ಹಳೆ ಕಾನೂನು. 2022ರ ಫೆಬ್ರವರಿ 2ರಿಂದ ಹೊಸ ಕಾನೂನು ಬಂದಿದೆ. ಅದರಲ್ಲಿ ಒಂದು ವರ್ಷ ಪೂರೈಸಿದವರು ತಾವಾಗಿಯೇ ಬಿಟ್ಟರೂ ಪೂರ್ತಿ ಗ್ರಾಚ್ಯುಟಿ ಸಿಗಬೇಕು. ಆದರೂ ಹಳೆ ಮಾತು ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ನನ್ನ ಜೊತೆಗಿದ್ದ ಹಿರಿಯ ಟೀಚರುಗಳೇ 'ಅದು ಹಾಗೇ ಅಲ್ವಾ, ಸುಮ್ನೆ ಯಾಕೆ ಎಳೆದಾಡ್ತೀರಿ' ಅಂದರು. 2,800 ದಿರ್ಹಮ್ ನನ್ನ ಅರ್ಧ ತಿಂಗಳ ಸಂಬಳಕ್ಕಿಂತ ಜಾಸ್ತಿ. ಸುಮ್ಮನಿರುವ ಮಾತೇ ಇರಲಿಲ್ಲ.

80084ಕ್ಕೆ ಫೋನ್ ಮಾಡಿದೆ. ಬೆಳಗ್ಗೆ ಲೈನ್ ಸಿಗುವುದು ನಿಧಾನ, ಆದರೆ ಸಿಕ್ಕಿದ ಮೇಲೆ ಮಾತಾಡಿದ ಹೆಣ್ಣುಮಗಳು ಅವಸರ ಮಾಡಲಿಲ್ಲ. ಸೇರಿದ ದಿನಾಂಕ, ಕೊನೆಯ ದಿನ, ಬೇಸಿಕ್ ಎಷ್ಟು, ಸಂಬಳವಿಲ್ಲದ ರಜೆ ಹಾಕಿದ್ದೀರಾ, ಇಷ್ಟು ಕೇಳಿದರು. ಸಂಬಳವಿಲ್ಲದ ರಜೆಯ ದಿನಗಳನ್ನು ಗ್ರಾಚ್ಯುಟಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕೇ ಆ ಪ್ರಶ್ನೆ. ಆಮೇಲೆ ಎರಡು ನಂಬರ್ ಬರೆದುಕೊಳ್ಳಿ ಅಂದರು. ಗ್ರಾಚ್ಯುಟಿಗೆ ಹೊಸ ಕಾನೂನಿನ ಆರ್ಟಿಕಲ್ 51. ಕೆಲಸ ಮುಗಿದ 14 ದಿನದೊಳಗೆ ಎಲ್ಲ ಬಾಕಿ ಕೊಡಬೇಕು ಅನ್ನುವುದಕ್ಕೆ ಆರ್ಟಿಕಲ್ 53.

ಆ ಎರಡು ನಂಬರ್ ಹಾಕಿ, ನನ್ನ ಲೆಕ್ಕವನ್ನೂ ಬಿಡಿಸಿ ಬರೆದು, ಮರ್ಯಾದೆಯಿಂದಲೇ ಶಾಲೆಗೆ ಒಂದು ಇಮೇಲ್ ಕಳಿಸಿದೆ. ಅದೇ ವಾರ ಹಾಳೆ ಬದಲಾಯಿತು. ದೂರು ದಾಖಲಿಸುವ ಮಟ್ಟಕ್ಕೆ ಹೋಗಲಿಲ್ಲ. ಹೋಗಬೇಕಾಗಿ ಬಂದರೆ ಹೆದರಬೇಡಿ. ಸಚಿವಾಲಯದವರು ಮೊದಲು ಎರಡೂ ಕಡೆಯವರನ್ನು ಕರೆದು ರಾಜಿ ಮಾಡಿಸಲು ನೋಡುತ್ತಾರೆ. 2024ರ ಜನವರಿಯಿಂದ 50,000 ದಿರ್ಹಮ್‌ವರೆಗಿನ ತಗಾದೆಗಳನ್ನು ಸಚಿವಾಲಯವೇ ತೀರ್ಮಾನಿಸಬಹುದು. ಮೇಷ್ಟ್ರುಗಳ ಬಾಕಿ ಸಾಮಾನ್ಯವಾಗಿ ಅದರೊಳಗೇ ಬರುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ವರ್ಕ್ ಪರ್ಮಿಟ್ ಕ್ಯಾನ್ಸಲ್ ಮಾಡುವ ಕಾಗದಕ್ಕೆ ಸೈನ್ ಹಾಕಿ, ದುಡ್ಡು ಆಮೇಲೆ ಬರುತ್ತದೆ ಅಂತ ಶಾಲೆಯಲ್ಲಿ ವೀಸಾ ಕಾಗದಪತ್ರ ನೋಡಿಕೊಳ್ಳುವ ಪಿಆರ್‌ಒ ಒತ್ತಾಯ ಮಾಡುತ್ತಿದ್ದರು. ಹೆಂಡತಿ, ಮಗ ನನ್ನ ವೀಸಾದಲ್ಲೇ ಇದ್ದವರು. ಅಂಥವರದ್ದು ಮೊದಲು ಕ್ಯಾನ್ಸಲ್ ಆಗಬೇಕು, ಆಮೇಲೆ ನಮ್ಮದು. ಅದಕ್ಕಾಗಿ, ಸರ್ಕಾರಿ ಅರ್ಜಿ ತುಂಬಿಕೊಡುವ ಮನೆ ಹತ್ತಿರದ ಟೈಪಿಂಗ್ ಸೆಂಟರಿಗೆ ಹೋದಾಗ ಈ ಕಾಗದವನ್ನೂ ತೋರಿಸಿದೆ. ಕೌಂಟರಿನಲ್ಲಿದ್ದವರು ಕಾಸರಗೋಡಿನವರು. ಅರೇಬಿಕ್ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟು, 'ಮಾಷ್ಟ್ರೇ, ಬರಬೇಕಾದ ದುಡ್ಡೆಲ್ಲ ನನಗೆ ಬಂದಿದೆ ಅಂತ ಇಲ್ಲಿ ಉಂಟು. ಬಂತಾ ನಿಮಗೆ?' ಅಂತ ಕೇಳಿದರು. ಬಂದಿರಲಿಲ್ಲ. ಸೈನ್ ಹಾಕಿದ ಮೇಲೆ ತಕರಾರು ಎತ್ತಿದರೆ ಆ ಸಾಲನ್ನೇ ನಮ್ಮ ಮುಂದೆ ಹಿಡಿಯುತ್ತಾರೆ. ದುಡ್ಡು ಅಕೌಂಟಿಗೆ ಬಿದ್ದ ಮೇಲೆ ಸೈನ್ ಹಾಕುತ್ತೇನೆ ಅಂತ ಪಿಆರ್‌ಒಗೆ ಹೇಳಿದೆ, ಹಾಗೇ ಮಾಡಿದೆ. ಆ ಟೈಪಿಂಗ್ ಸೆಂಟರಿನ ಅಣ್ಣನಿಗೆ ಐದಕ್ಕೆ ಐದು.

80084ಕ್ಕೆ ನಾಲ್ಕು. ಒಂದು ಕಳೆಯಲು ಕಾರಣ ಇದೆ. ಅವರು ಹೇಳಿದ್ದೆಲ್ಲ ಬಾಯಿಮಾತು, ಬರಹದಲ್ಲಿ ಏನೂ ಸಿಗಲಿಲ್ಲ. ನಮ್ಮ ಕಾಂಟ್ರಾಕ್ಟ್ ಅವರ ಮುಂದೆ ಇರಲಿಲ್ಲ, ಹಾಗಾಗಿ ನಾವು ಕೊಟ್ಟ ಅಂಕಿಗಳ ಮೇಲೆ ಉತ್ತರ. ಬೇಸಿಕ್ ಬದಲು ಒಟ್ಟು ಸಂಬಳ ಹೇಳಿದರೆ ಲೆಕ್ಕವೇ ಬೇರೆಯಾಗುತ್ತದೆ. ಫೋನ್ ಮಾಡುವಾಗ ಕಾಂಟ್ರಾಕ್ಟ್ ತೆರೆದಿಟ್ಟುಕೊಳ್ಳಿ.

ಶಾಲೆಯಿಂದ ಅನುಭವ ಪತ್ರ ಕೇಳಿ ಪಡೆಯಿರಿ. ಅದಕ್ಕೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಕೊನೆಯ ಸಂಬಳ ಅದರಲ್ಲಿರಬೇಕು. ಪಾಸ್‌ಪೋರ್ಟ್, ಡಿಗ್ರಿ ಸರ್ಟಿಫಿಕೇಟುಗಳನ್ನು ಇಟ್ಟುಕೊಳ್ಳುವ ಹಕ್ಕೂ ಶಾಲೆಗಿಲ್ಲ. ಬೆಂಗಳೂರಿನಿಂದ ದೆಹಲಿವರೆಗೆ ಅಲೆದು ಸೀಲ್ ಹಾಕಿಸಿಕೊಂಡ ಕಾಗದಗಳು ಅವು. ಒಂದೊಂದನ್ನೂ ಎಣಿಸಿ ತನ್ನಿ. ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಫೈನಲ್ ಸೆಟಲ್‌ಮೆಂಟ್ ಬಿದ್ದ ಕೂಡಲೇ ಬ್ಯಾಂಕಿನವರು ದುಡ್ಡು ತಡೆಹಿಡಿಯಬಹುದು, ಮೊದಲೇ ಮಾತಾಡಿಕೊಳ್ಳಿ. ವೀಸಾ ಕ್ಯಾನ್ಸಲ್ ಆದ ಕಾಗದದಲ್ಲಿ ದೇಶ ಬಿಡಬೇಕಾದ ಕೊನೆಯ ದಿನಾಂಕ ಇರುತ್ತದೆ. ಅದನ್ನು ನೋಡಿಕೊಂಡೇ ಮಂಗಳೂರಿಗೆ ಟಿಕೆಟ್ ಮಾಡಿಸಿದೆ.