ಚರ್ಚಾ ಸಂಘದ ಚುನಾವಣೆಗೆ ಯಾವ ಎಣಿಕೆ ಒಳ್ಳೆಯದು?

ನಮ್ಮ ಕಾಲೇಜಿನ ಚರ್ಚಾ ಸಂಘ ಕಾರ್ಯದರ್ಶಿಯ ಆಯ್ಕೆಗೆ ಬೇರೆ ಬೇರೆ ವರ್ಷಗಳಲ್ಲಿ ಮೂರು ಪದ್ಧತಿಗಳನ್ನು ಬಳಸಿದೆ: ಹೆಚ್ಚು ಮತ ಬಂದವರು ಗೆಲ್ಲುವ ಸಾಮಾನ್ಯ ಪದ್ಧತಿ, ಪ್ರಾಶಸ್ತ್ಯ ಮತ, ಮತ್ತು ಸ್ಥಾನಕ್ಕೆ ತಕ್ಕಂತೆ ಅಂಕ ಕೊಡುವ ಬೋರ್ಡಾ ಪದ್ಧತಿ. ಮೂರರ ಎಣಿಕೆಯಲ್ಲೂ ನಾನಿದ್ದೆ. ಒಬ್ಬರನ್ನೇ ಆರಿಸಬೇಕಾದ ಹುದ್ದೆಗೆ ಪ್ರಾಶಸ್ತ್ಯ ಮತವೇ ಬೇಕು ಎಂದು ಈಗ ದೃಢವಾಗಿ ಹೇಳುತ್ತೇನೆ.

ವ್ಯತ್ಯಾಸ ಕಾಣಲು ಒಂದು ಲೆಕ್ಕ ಇಟ್ಟುಕೊಳ್ಳೋಣ. 45 ಮತದಾರರು, ಮೂವರು ಅಭ್ಯರ್ಥಿಗಳು. ಇಂಗ್ಲಿಷ್ ಚರ್ಚಾಪಟುವಿಗೆ 18, ಕನ್ನಡ ಚರ್ಚಾಪಟುವಿಗೆ 15, ಹಾಸ್ಟೆಲ್ ಗೆಳೆಯರ ಬಲದಿಂದ ನಿಂತ ಹೊಸಬನಿಗೆ 12 ಮತ. ಸಾಮಾನ್ಯ ಪದ್ಧತಿಯಲ್ಲಿ 18 ಪಡೆದವನೇ ಕಾರ್ಯದರ್ಶಿ. ಉಳಿದ 27 ಮಂದಿಗೆ ಅವನು ಬೇಕಿತ್ತೇ ಎಂದು ಯಾರೂ ಕೇಳುವುದಿಲ್ಲ. ಹತ್ತೇ ನಿಮಿಷದಲ್ಲಿ ಎಣಿಕೆ ಮುಗಿಯುತ್ತದೆ ಎನ್ನುವುದೊಂದೇ ಇದರ ಲಾಭ.

ಪ್ರಾಶಸ್ತ್ಯ ಮತದಲ್ಲಿ ಹೆಸರುಗಳ ಮುಂದೆ 1, 2, 3 ಎಂದು ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಎರಡನೇ ಪ್ರಾಶಸ್ತ್ಯದಂತೆ ಹಂಚುತ್ತೇವೆ. ಹೊಸಬನ 12 ಪತ್ರಗಳಲ್ಲಿ 9 ಕನ್ನಡ ಚರ್ಚಾಪಟುವಿಗೆ, 2 ಇಂಗ್ಲಿಷ್ ಚರ್ಚಾಪಟುವಿಗೆ ಹೋದವು, ಒಂದರಲ್ಲಿ ಮುಂದಿನ ಹೆಸರೇ ಇಲ್ಲ ಎಂದುಕೊಳ್ಳಿ. ಈಗ 24–20. ಫಲಿತಾಂಶ ತಿರುಗಿತು. ಕೈಬಿಟ್ಟ ಹೊಸಬನ ಬೆಂಬಲಿಗರೂ ಇಲ್ಲಿ ಗೆದ್ದವಳ ಆಯ್ಕೆಯಲ್ಲಿ ಪಾಲುದಾರರು, ಹಾಗಾಗಿ ಮರುವಾರದ ಸಭೆಗೆ ಅವರೂ ಬರುತ್ತಾರೆ. ಸಂಘ ಉಳಿಯುವುದೇ ಅದರಿಂದ.

ಇದು ನಮಗೆ ಹೊಸದಲ್ಲ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ವಿ.ವಿ. ಗಿರಿ ಮೊದಲ ಎಣಿಕೆಯಲ್ಲಿ 4,01,515 ಮತಮೌಲ್ಯ (ಸಂಸದರ, ಶಾಸಕರ ಮತಗಳಿಗೆ ನಿಗದಿಯಾದ ಮೌಲ್ಯಗಳ ಮೊತ್ತ) ಪಡೆದು ಮುಂದಿದ್ದರೂ ಅರ್ಧ ದಾಟಿರಲಿಲ್ಲ. ಸಿ.ಡಿ. ದೇಶಮುಖ್ ಮತ್ತು ಇತರರ ಮತಗಳನ್ನು ಹಂಚಿದ ಮೇಲೆ 4,20,077 ತಲುಪಿ, 4,05,427 ಪಡೆದ ನೀಲಂ ಸಂಜೀವ ರೆಡ್ಡಿ ಅವರನ್ನು ಸೋಲಿಸಿದರು. ನಮ್ಮ ವಿಧಾನ ಪರಿಷತ್ತಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲೂ ಇದೇ ಕ್ರಮ. ಆದ್ದರಿಂದ ಅಧ್ಯಾಪಕರಿಗೆ ವಿವರಿಸುವ ಕೆಲಸವೇ ಇರಲಿಲ್ಲ. ತೊಂದರೆಯಾದದ್ದು ವಿದ್ಯಾರ್ಥಿಗಳಿಂದ: ಕೆಲವರು ಅಂಕಿಯ ಬದಲು ಟಿಕ್ ಹಾಕಿದರು, ಕೆಲವರು ಇಬ್ಬರಿಗೂ 1 ಬರೆದರು. ಪರಿಷತ್ತಿನ ಎಣಿಕೆಯಲ್ಲಿ ಅಂಥ ಮತಪತ್ರ ತಿರಸ್ಕೃತ, ನಾವೂ ಹಾಗೆಯೇ ಮಾಡಿದೆವು. ಮಾದರಿ ಮತಪತ್ರವನ್ನು ಬಾಗಿಲಿಗೆ ಅಂಟಿಸಿದ ವರ್ಷ ಆ ಗೋಳು ಬಹುಪಾಲು ತಪ್ಪಿತು.

ಬೋರ್ಡಾ ಪದ್ಧತಿ 18ನೇ ಶತಮಾನದ ಫ್ರೆಂಚ್ ಗಣಿತಜ್ಞನೊಬ್ಬನದು. ಮೂವರಿದ್ದರೆ ಮೊದಲ ಸ್ಥಾನಕ್ಕೆ 2 ಅಂಕ, ಎರಡನೆಯದಕ್ಕೆ 1. ಎಲ್ಲರ ಮನಸ್ಸನ್ನೂ ಪೂರ್ತಿ ಅಳೆಯುವಂತೆ ಕಾಣುತ್ತದೆ, ನನಗೂ ಬಹಳ ಇಷ್ಟವಾಗಿತ್ತು. ಆದರೆ ಚರ್ಚಾಪಟುಗಳ ಕೈಗೆ ಇದನ್ನು ಕೊಡಬಾರದು. ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಕನ್ನಡ ಚರ್ಚಾಪಟುವಿನ 15 ಮತದಾರರಲ್ಲಿ 10 ಮಂದಿ ಹೊಸಬನನ್ನು, 5 ಮಂದಿ ಇಂಗ್ಲಿಷ್ ಚರ್ಚಾಪಟುವನ್ನು ಎರಡನೆಯದಾಗಿ ಬರೆದಿದ್ದಾರೆ. ಇಂಗ್ಲಿಷ್ ಬಣದ 18 ಮಂದಿ ಮನಸ್ಸಿನಲ್ಲಿದ್ದಂತೆ ಬರೆದರೆ 13 ಎರಡನೇ ಮತ ಕನ್ನಡ ಚರ್ಚಾಪಟುವಿಗೆ, 5 ಹೊಸಬನಿಗೆ. ಆಗ ಅವಳಿಗೆ 52, ಇಂಗ್ಲಿಷ್ ಚರ್ಚಾಪಟುವಿಗೆ 43, ಹೊಸಬನಿಗೆ 39. ಎದುರಾಳಿಯನ್ನು ತುಳಿಯಲೆಂದು ಆ 18 ಮಂದಿಯೂ ಹೊಸಬನನ್ನು ಎರಡನೇ ಸ್ಥಾನಕ್ಕೆ ಏರಿಸಿದರೆ? ಅವಳು 39ಕ್ಕೆ ಇಳಿಯುತ್ತಾಳೆ, ಇವನು 43ರಲ್ಲೇ ನಿಲ್ಲುತ್ತಾನೆ, ಹೊಸಬ 52 ಅಂಕದೊಂದಿಗೆ ಗೆಲ್ಲುತ್ತಾನೆ. ಎರಡೂ ಬಣಗಳ ಮೊದಲ ಆಯ್ಕೆಯಲ್ಲದವನು ಕಾರ್ಯದರ್ಶಿ! ನಮ್ಮಲ್ಲಿ ಈ ಪದ್ಧತಿ ಬಂದ ವರ್ಷ ಮತದಾನದ ಮುನ್ನಾದಿನವೇ ಕ್ಯಾಂಟೀನಿನಲ್ಲಿ ಇಂಥ ಲೆಕ್ಕಾಚಾರ ಶುರುವಾಗಿತ್ತು. ಪ್ರಾಶಸ್ತ್ಯ ಮತದಲ್ಲಿ ನಿಮ್ಮ ಎರಡನೇ ಆಯ್ಕೆ ಮೊದಲನೆಯದಕ್ಕೆ ಕೇಡು ಮಾಡುವುದಿಲ್ಲ, ಏಕೆಂದರೆ ಮೊದಲನೆಯವರು ಹೊರಬಿದ್ದ ಮೇಲಷ್ಟೇ ಅದನ್ನು ನೋಡುವುದು. ತಂತ್ರಕ್ಕೆ ಅಲ್ಲೂ ಸ್ವಲ್ಪ ಎಡೆಯಿದೆ, ಆದರೆ ಇಷ್ಟು ಸಲೀಸಾಗಿ ಅಲ್ಲ.

ಕಾರ್ಯಕಾರಿ ಸಮಿತಿಯ ನಾಲ್ಕು ಸ್ಥಾನಗಳ ಮಾತು ಬೇರೆ. 45 ಮಂದಿ ಎರಡೇ ಬಣಗಳಾಗಿದ್ದಾರೆ ಎಂದುಕೊಳ್ಳಿ. ತಲಾ ನಾಲ್ಕು ಮತ ಕೊಟ್ಟರೆ 24 ಮಂದಿಯ ಇಂಗ್ಲಿಷ್ ಬಣ ನಾಲ್ಕನ್ನೂ ಬಾಚಿಕೊಳ್ಳುತ್ತದೆ, 21 ಮಂದಿಯ ಕನ್ನಡ ಬಣಕ್ಕೆ ಸೊನ್ನೆ. ಇಲ್ಲಿ ಕೋಟಾ, ಅಂದರೆ ಒಂದು ಸ್ಥಾನ ಗೆಲ್ಲಲು ಬೇಕಾದ ಕನಿಷ್ಠ ಮತ, ಇರುವ ಪ್ರಾಶಸ್ತ್ಯ ಮತ ಬೇಕು. ಶಾಸಕರು ಪರಿಷತ್ತಿಗೆ ಆರಿಸುವಾಗಿನಂತೆ ಪ್ರತಿ ಮತಕ್ಕೆ 100 ಮೌಲ್ಯ ಕೊಟ್ಟರೆ ಭಿನ್ನರಾಶಿಯ ಕಾಟವಿಲ್ಲ. ಒಟ್ಟು 4500ನ್ನು ಸ್ಥಾನಗಳಿಗಿಂತ ಒಂದು ಹೆಚ್ಚು, ಅಂದರೆ 5ರಿಂದ ಭಾಗಿಸಿ 1 ಕೂಡಿಸಿದರೆ ಕೋಟಾ 901. ಮತಗಳು ಬಣದೊಳಗೇ ಉಳಿದರೆ ಎರಡೂ ಕಡೆಗೆ ಎರಡೆರಡು ಸ್ಥಾನ. ಒಬ್ಬರಿಗೆ 15 ಮೊದಲ ಮತ ಬಂದರೆ ಹೆಚ್ಚುವರಿ 599, ಅಂದರೆ ಆ 15 ಪತ್ರಗಳು, ಭಾಗಿಸಿ ಉಳಿದ ಶೇಷ ಬಿಟ್ಟು, ತಲಾ 39 ಮೌಲ್ಯದೊಂದಿಗೆ ಮುಂದಿನ ಹೆಸರಿಗೆ ಹೋಗುತ್ತವೆ. ಸಂಜೆಯೆಲ್ಲ ಹಿಡಿಯುವ ಕೆಲಸ, ಕರಿಹಲಗೆಯ ಮೇಲೆ ಎಲ್ಲರೆದುರೇ ಮಾಡಬೇಕು. ಕೊನೆಯ ಸ್ಥಾನದಲ್ಲಿ ಇಬ್ಬರು ಸಮನಾದರೆ ಯಾರನ್ನು ಕೈಬಿಡಬೇಕೆಂಬ ನಿಯಮವನ್ನು ಮತದಾನಕ್ಕೆ ಮೊದಲೇ ಬರೆದಿಟ್ಟಿರಬೇಕು.

ಬೋರ್ಡಾ ಪದ್ಧತಿಯನ್ನು ನಾವು ಪೂರ್ತಿ ಬಿಟ್ಟಿಲ್ಲ. ವಾರದ ಚರ್ಚೆಗೆ ವಿಷಯ ಆರಿಸಲು ಅದನ್ನೇ ಬಳಸುತ್ತೇವೆ. ಅಲ್ಲಿ ಯಾರ ಗೆಲುವೂ ಪಣಕ್ಕಿಲ್ಲ, ಹೆಚ್ಚಿನವರಿಗೆ ಒಪ್ಪಿಗೆಯಾಗುವ ವಿಷಯ ಸಿಕ್ಕರೆ ಸಾಕು.