ಕ್ರೆಸ್ಸಿ ಲಿಯೊನಾರ್ಡೊ: ನಮ್ಮ ಕಡಲಿಗೆ ಇಷ್ಟು ಸಾಕು

ಮುರುಡೇಶ್ವರದಿಂದ ಬೋಟ್ ಹತ್ತಿ, ಇನ್‌ಸ್ಟ್ರಕ್ಟರ್ ಕೈ ಹಿಡಿದುಕೊಂಡು ಒಂದು ಸಲ ನೇತ್ರಾಣಿ ದ್ವೀಪ ನೋಡಿ ಬರುವವರಿಗೆ ಡೈವ್ ಕಂಪ್ಯೂಟರ್, ಅಂದರೆ ನೀರಿನೊಳಗೆ ಆಳ, ಸಮಯದ ಲೆಕ್ಕ ಇಡುವ ಕೈಗೆ ಕಟ್ಟುವ ಯಂತ್ರ, ಬೇಡ. ಸುಮ್ನೆ ಖರ್ಚು. ಓಪನ್ ವಾಟರ್ ಎಂಬ ಡೈವಿಂಗ್‌ನ ಮೊದಲ ಕೋರ್ಸ್ ಮುಗಿಸಿ, ಪ್ರತಿ ಸೀಸನ್ ನೀರಿಗೆ ಇಳಿಯುವವರಿಗೆ ಮಾತ್ರ ಇದನ್ನು ಬರೆಯುತ್ತಿದ್ದೇನೆ. ನಾನಿರುವುದು ಮಂಗಳೂರಿನಲ್ಲಿ. ಕ್ರೆಸ್ಸಿ ಕಂಪನಿಯ ಲಿಯೊನಾರ್ಡೊ ಎಂಬ ಡೈವ್ ಕಂಪ್ಯೂಟರ್ ಹಲವು ಸೀಸನ್‌ಗಳಿಂದ ನನ್ನ ಕೈಯಲ್ಲಿದೆ.

ಕೊಳ್ಳುವಾಗ ಎದುರಿಗೆ ಇದ್ದದ್ದು ಮೂರು: ಲಿಯೊನಾರ್ಡೊ, ಮಾರೆಸ್ ಪಕ್ ಪ್ರೊ, ಸೂಂಟೊ ಜೂಪ್ ನೋವೊ. ಮೂರೂ ಕಡಿಮೆ ಬೆಲೆಯ ಸಾಲಿನವು. ಲಿಯೊನಾರ್ಡೊ ಹೊರದೇಶದಲ್ಲಿ 200 ಡಾಲರ್ ಆಸುಪಾಸಿಗೆ ಸಿಗುತ್ತದೆ. ನಮ್ಮೂರಲ್ಲಿ ಗಲ್ಫ್‌ನಿಂದ ಬರುವ ನೆಂಟರಿಗೆ ಬರವಿಲ್ಲವಲ್ಲ, ನನ್ನದೂ ದುಬೈಯಲ್ಲಿರುವ ಭಾವನ ಬ್ಯಾಗಿನಲ್ಲೇ ಬಂತು. ಶಿಯರ್‌ವಾಟರ್ ಪೆರೆಗ್ರಿನ್ ತಗೋ, ಬಣ್ಣದ ಸ್ಕ್ರೀನ್ ಇದೆ ಅಂತ ಗೆಳೆಯನೊಬ್ಬ ಬೆನ್ನು ಬಿದ್ದಿದ್ದ. ಒಳ್ಳೆಯ ಯಂತ್ರವೇ. ಆದರೆ ಬೆಲೆ ದುಪ್ಪಟ್ಟಿಗಿಂತ ಜಾಸ್ತಿ.

ಅಷ್ಟು ದುಡ್ಡು ಹಾಕಿದರೆ ನಮಗೆ ಸಿಗುವುದೇನು? ಇಲ್ಲಿ ನಾನು ಮಾಡುವ ಡೈವ್‌ಗಳಲ್ಲಿ ಹೆಚ್ಚಿನವು 10ರಿಂದ 18 ಮೀಟರ್ ಆಳದವು. ಡೈವಿಂಗ್ ಕಲಿಸುವ ಪಾಡಿ ಸಂಸ್ಥೆಯ ಡೈವ್ ಟೇಬಲ್ ಪ್ರಕಾರ 18 ಮೀಟರ್‌ನಲ್ಲಿ ಡಿಕಂಪ್ರೆಷನ್ ಸ್ಟಾಪ್ (ಮೈಗೆ ಸೇರಿದ ನೈಟ್ರೋಜನ್ ಹೊರಹೋಗಲಿ ಅಂತ ಮೇಲೆ ಬರುವಾಗ ನಿಲ್ಲುವುದು) ಇಲ್ಲದೆ 56 ನಿಮಿಷ ಇರಬಹುದು. ಅಷ್ಟರೊಳಗೆ ನನ್ನ ಸಿಲಿಂಡರ್ ಖಾಲಿಯಾಗಿರುತ್ತದೆ! ಹಾಗಾಗಿ ಯಾವ ಕಂಪ್ಯೂಟರ್‌ನ ಲೆಕ್ಕಾಚಾರ ಮೇಲು ಎಂಬ ಜಗಳ ಮೊದಲ ಡೈವ್‌ಗೆ ಬೇಡವೇ ಬೇಡ. 30 ಮೀಟರ್‌ಗೆ ಇಳಿದರೆ ಅದೇ ಟೇಬಲ್ 20 ನಿಮಿಷ ಮಾತ್ರ ಕೊಡುತ್ತದೆ, ಅದು ಬೇರೆ ಕಥೆ.

ಕಂಪ್ಯೂಟರ್ ನಿಜವಾಗಿ ಕೆಲಸಕ್ಕೆ ಬರುವುದು ಎರಡನೇ ಡೈವ್‌ನಲ್ಲಿ. ಮೊದಲನೆಯದರಲ್ಲಿ ಮೈಗೆ ಸೇರಿದ ನೈಟ್ರೋಜನ್, ಬೋಟಿನಲ್ಲಿ ಒಂದು ಗಂಟೆ ಕೂತು ಬಿಸ್ಕಿಟ್ ತಿಂದ ಮಾತ್ರಕ್ಕೆ ಪೂರ್ತಿ ಹೊರಗೆ ಹೋಗುವುದಿಲ್ಲ. ಉಳಿದದ್ದನ್ನು ಲೆಕ್ಕಕ್ಕೆ ಹಿಡಿದು ಇದು ಮುಂದಿನ ಡೈವ್‌ನ ಸಮಯವನ್ನು ಕಡಿಮೆ ಮಾಡುತ್ತದೆ. ಲಿಯೊನಾರ್ಡೊ ಈ ವಿಷಯದಲ್ಲಿ ಸ್ವಲ್ಪ ಬಿಗಿ. ನನಗೆ ಅದೇ ಇಷ್ಟ. ಇನ್ನೂ ಬಿಗಿ ಬೇಕು ಅನ್ನುವವರಿಗೆ ಸೇಫ್ಟಿ ಫ್ಯಾಕ್ಟರ್ 1, 2 ಎಂಬ ಆಯ್ಕೆಗಳಿವೆ. ಇದೇ ಕಾರಣಕ್ಕೆ ಒಂದೇ ಕಂಪ್ಯೂಟರನ್ನು ಬೆಳಿಗ್ಗೆ ಅಣ್ಣ, ಮಧ್ಯಾಹ್ನ ತಮ್ಮ ಕಟ್ಟಿಕೊಳ್ಳುವ ಹಾಗಿಲ್ಲ. ಅದು ಇಟ್ಟಿರುವುದು ಒಬ್ಬನ ಮೈಯ ಲೆಕ್ಕ.

ಇನ್ನು ಸ್ಕ್ರೀನ್. ಇದರಲ್ಲಿ ಬಣ್ಣವಿಲ್ಲ, ಹಳೇ ಕಾಲದ ಕ್ಯಾಲ್ಕುಲೇಟರ್ ಥರ ದಪ್ಪ ಕಪ್ಪು ಅಂಕಿಗಳು. ಡಿಸೆಂಬರ್‌ನ ನೇತ್ರಾಣಿಯಲ್ಲಿ ನೀರು ತಿಳಿಯಾಗಿದ್ದಾಗ ಯಾವ ಸ್ಕ್ರೀನ್ ಆದರೂ ಕಾಣುತ್ತದೆ. ಕಾಪುವಿನ ಕಡೆ ನೀರು ಕಲಕಿರುವ ದಿನ ಇಳಿದು ನೋಡಿ ಮಾರಾಯ್ರೇ, ಕೈ ಚಾಚಿದರೆ ಬೆರಳು ಮಸುಕು. ಅಂಥ ನೀರಿನಲ್ಲೂ ಆಳ ಎಷ್ಟು, ಉಳಿದ ಸಮಯ ಎಷ್ಟು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಚಾಳೀಸಿನ ಕನ್ನಡಕ ಬಂದವರು ಬೇರೇನೂ ನೋಡದೆ ಅಂಕಿಯ ಗಾತ್ರ ನೋಡಿಯೇ ಕೊಳ್ಳಬಹುದು. ಬೇಗ ಮೇಲಕ್ಕೆ ಏರಿದರೆ ಬೀಪ್ ಅನ್ನುತ್ತದೆ. ನೇತ್ರಾಣಿಯ ಬಂಡೆಗಳ ಹತ್ತಿರ ಅಲೆಯ ಸೆಳೆತ ಇರುವಾಗ 5 ಮೀಟರ್‌ನಲ್ಲಿ 3 ನಿಮಿಷ ಸೇಫ್ಟಿ ಸ್ಟಾಪ್ ಮಾಡುವುದು ಸುಲಭವಲ್ಲ. ಆಗ ಕಣ್ಣು ಪೂರ್ತಿ ಇದರ ಮೇಲೇ.

ಬಟನ್ ಒಂದೇ. ನೀರಿನೊಳಗೆ ಅದರಿಂದ ತೊಂದರೆಯಿಲ್ಲ, ಒತ್ತುವ ಪ್ರಸಂಗವೇ ಕಡಿಮೆ. ಬೋಟಿನಲ್ಲಿ ಕೂತು ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚಿರುವ ಗಾಳಿ) ಸೆಟ್ ಮಾಡುವಾಗ ತಾಳ್ಮೆ ಬೇಕು. ಬೇಕಾದ ಅಂಕಿ ದಾಟಿಹೋಯಿತೋ, ಸುತ್ತಿ ಬರಬೇಕು. ಪಕ್ ಪ್ರೊ ಕೂಡ ಒಂದೇ ಬಟನ್‌ನದು. ಜೂಪ್ ನೋವೊದಲ್ಲಿ ನಾಲ್ಕಿವೆ. ಬರೀ ಗಾಳಿ ಸಿಲಿಂಡರ್ ಬಳಸುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಬ್ಯಾಟರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಡೈವಿಂಗ್ ಇಲ್ಲ. ಕಪಾಟಿನ ಚಪ್ಪಲಿಗೂ ಬೂಸ್ಟು ಹಿಡಿಯುವ ಕಾಲ. ಚಾರ್ಜ್ ಮಾಡುವ ಕಂಪ್ಯೂಟರ್ ಆದರೆ ಅದನ್ನು ಆಗಾಗ ನೆನಪಿಟ್ಟು ನೋಡಿಕೊಳ್ಳಬೇಕು. ಲಿಯೊನಾರ್ಡೊದಲ್ಲಿ ಇರುವುದು ಸಿಆರ್2430 ಎಂಬ ನಾಣ್ಯದಂಥ ಸೆಲ್, ಮನೆಯಲ್ಲೇ ಬದಲಿಸಬಹುದು. ಆದರೆ ಸಿಆರ್2032 ಸಿಗುವ ಹಾಗೆ ಇದು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಹಂಪನಕಟ್ಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವುದಕ್ಕಿಂತ ಎರಡು ಸೆಲ್ ಮೊದಲೇ ತರಿಸಿಟ್ಟುಕೊಳ್ಳಿ. ಬದಲಿಸುವಾಗ ನೀರು ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಒಂದು ಕೂದಲೋ ಮರಳಿನ ಕಣವೋ ಇದ್ದರೂ ನೀರು ಒಳಗೆ ಹೋಗಬಹುದು. ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ ಮುಚ್ಚಬೇಕು. ಪ್ರತಿ ಡೈವ್ ಆದ ಮೇಲೆ ಸಿಹಿನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿದರೆ ಆಯಿತು. ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಇಡಬೇಡಿ.

ಡೈವ್ ಆದ ಮೇಲೆ ಸ್ವಲ್ಪ ಹೊತ್ತು ವಿಮಾನ ಹತ್ತಬೇಡ ಎಂದು ಸ್ಕ್ರೀನ್ ತೋರಿಸುವ ನೋ ಫ್ಲೈ ಚಿಹ್ನೆ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇದು ವಿಮಾನದವರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಮೈಯಲ್ಲಿ ನೈಟ್ರೋಜನ್ ಉಳಿದಿರುವಾಗ ಅಪಾಯ ಇರುವುದು ಎತ್ತರಕ್ಕೆ ಏರುವುದರಲ್ಲಿ. ಡೈವರ್‌ಗಳ ಸುರಕ್ಷತೆಗೆ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ ಶುರುವಾಗುವುದೇ ಸುಮಾರು 600 ಮೀಟರ್ ಎತ್ತರದಿಂದ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಬೆಂಗಳೂರು ಇರುವುದು 900 ಮೀಟರ್‌ಗಿಂತ ಮೇಲೆ. ಆಗುಂಬೆ ಕೂಡ 600 ದಾಟಿದೆ. ಭಾನುವಾರ ಎರಡು ಡೈವ್ ಮುಗಿಸಿ ಅದೇ ಸಂಜೆ ಬಸ್ ಹತ್ತಿ ಘಾಟಿ ಏರುವವರು ಬೇಕಾದಷ್ಟು ಜನ ಇದ್ದಾರೆ. ಶನಿವಾರ ಡೈವ್ ಮಾಡಿ, ಭಾನುವಾರ ಮಧ್ಯಾಹ್ನದ ನಂತರ ಹೊರಡಬಹುದಲ್ವಾ? ಮಂಗಳೂರು, ಉಡುಪಿಯವರಿಗೆ ಈ ತಾಪತ್ರಯ ಇಲ್ಲ. ಹೆದ್ದಾರಿ 66ರಲ್ಲಿ ಕಡಲ ಮಟ್ಟದಲ್ಲೇ ಮನೆ ಸೇರುತ್ತೇವೆ.

ಡೈವ್‌ಗಳ ವಿವರ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಲು ಬೇರೆ ಇಂಟರ್‌ಫೇಸ್ ಕೊಳ್ಳಬೇಕು, ಪೆಟ್ಟಿಗೆಯಲ್ಲಿ ಬರುವುದಿಲ್ಲ. ಕೊಂಡರೆ ಸಬ್‌ಸರ್ಫೇಸ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಅದನ್ನು 2011ರಲ್ಲಿ ಶುರು ಮಾಡಿದ್ದು ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್, ಅವರೂ ಡೈವರ್. ನಾನು ಕೊಂಡಿಲ್ಲ. ಹಳೇ ಡೈರಿಯಲ್ಲೇ ಬರೆದಿಡುತ್ತೇನೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೂ ತಗೊಳ್ಳಬಹುದು, ಆದರೆ ಬ್ಯಾಟರಿ ಮುಚ್ಚಳ ಬಿಚ್ಚಿಸಿ ಒಳಗೆ ಹಸಿರು ಕಿಲುಬು ಇದೆಯಾ ನೋಡಿ. ಇದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.